ನೀರು ನೋಡಿ ಬಂದವಳು

ಸರ್ವಮಂಗಳ ಮಿಸ್‌ಗೆ ಒಂದು ಚಟವಿತ್ತು. ಯಾವುದಾದರೂ ವಿಷಯ ತಲೆಗೆ ಹೊಕ್ಕಿತೆಂದರೆ ಅದರ ಬುಡ ಕಾಣುವವರೆಗೆ ಅವರಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹೊಸದುರ್ಗದ ತವರಿನಲ್ಲಿ ಇದಕ್ಕೆ ಕೆದಕೋ ಬುದ್ಧಿ ಎಂದು ಹೆಸರಿಟ್ಟು, ಇಂಥವಳನ್ನು ಯಾರು ಬಾಳಿಸುತ್ತಾರೋ ಎಂದು ಚಿಂತೆ ಮಾಡಿದ್ದರು. ಬಾಳಿಸುವವರು ಸಿಕ್ಕರು, ಕೆಲಸವೂ ಸಿಕ್ಕಿತು, ಬುದ್ಧಿ ಮಾತ್ರ ಇದ್ದ ಹಾಗೇ ಉಳಿಯಿತು. ಈಗ ಅವರು ಜವನಗೊಂಡನಹಳ್ಳಿ ಹೋಬಳಿಯ ಕರಿಯಜ್ಜನಹಟ್ಟಿ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಬೆಳಗಿನ ಪ್ರಾರ್ಥನೆಯ ಸಾಲು, ಕೊಕ್ಕೋ ಕಂಬ, ಪ್ರತಿಭಾ ಕಾರಂಜಿಯ ಕೋಲಾಟ, ಇಕೋ ಕ್ಲಬ್ಬಿನವರು ನೆಟ್ಟ ಹೊಂಗೆ ಗಿಡಗಳನ್ನು ಊರಿನ ಮೇಕೆಗಳಿಂದ ಉಳಿಸುವುದು, ಎಲ್ಲವೂ ಅವರ ತಲೆಗೇ ಕಟ್ಟಿದ್ದು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅವರ ತಲೆಗೆ ಹೊಕ್ಕ ವಿಷಯದ ಹೆಸರು ಸುಷ್ಮಿತಾ. ಒಂಬತ್ತನೇ ತರಗತಿಯ ಹುಡುಗಿ, ಹಟ್ಟಿಯಲ್ಲಿ ಕುರಿ ಸಾಕುವ ಮುದ್ದಣ್ಣನ ಮಗಳು. ಹಾಜರಿ ಕೂಗಿದಾಗ ಮಾತ್ರ ಕ್ಲಾಸಿನಲ್ಲಿ ಇದ್ದಾಳೆಂದು ಗೊತ್ತಾಗುವಂಥವಳು. ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಮಿಸ್ ಸ್ಕೂಟರಿನಲ್ಲಿ ಹೈವೇ ಕಡೆ ಹೊರಟಿದ್ದಾಗ, ದೂರದ ಬಯಲಿನಲ್ಲಿ ಯೂನಿಫಾರಂ ತೊಟ್ಟ ಹುಡುಗಿಯೊಬ್ಬಳು ಓಡುತ್ತಿರುವುದು ಕಂಡಿತು. ಅವಳ ಮುಂದೆ ಕುರಿಯಿಲ್ಲ, ಹಿಂದೆ ನಾಯಿಯಿಲ್ಲ. ಜಾಲಿಗಿಡಗಳನ್ನು ಬಳಸಿ, ಶೇಂಗಾ ಹೊಲದ ಬದು ಹಾರಿ, ಗಾಳಿ ಫ್ಯಾನುಗಳು ತಿರುಗುವ ಗುಡ್ಡದ ಕಡೆ ನೆಟ್ಟಗೆ ಓಡುತ್ತಿದ್ದಳು. ಮಿಸ್ ಸ್ಕೂಟರ್ ನಿಲ್ಲಿಸಿ, ಅವಳು ಕಣ್ಮರೆಯಾಗುವವರೆಗೆ ನೋಡಿದರು. ವರ್ಷಗಟ್ಟಲೆ ಸೀಟಿ ಊದಿದವರಿಗೆ ಯಾವುದು ಓಟ, ಯಾವುದು ಬರೀ ಅವಸರ ಎಂದು ತಿಳಿಯುತ್ತದೆ. ಇದು ಓಟ.

ಸೋಮವಾರ ವಿಚಾರಿಸಿದರೆ ಅದು ಸುಷ್ಮಿತಾ ಎಂದು ತಿಳಿಯಿತು. ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದ್ದಕ್ಕೆ ಕಟ್ಟೆಗೆ ಎಂದಳು. ಅಷ್ಟಕ್ಕೆ ಬಿಟ್ಟು, ಮಿಸ್ ಅವತ್ತಿನ ಆಟದ ಪಿರಿಯಡ್‌ನಲ್ಲೇ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೈದಾನ ಸುತ್ತಿಸಿದರು. ಸುಷ್ಮಿತಾ ಎಲ್ಲರಿಗಿಂತ ಕೊನೆಗೆ ಬಂದಳು.

ಕೊನೆಗೆ ಬರುವುದರಲ್ಲೂ ಒಂದು ರೀತಿ ಇರುತ್ತದೆ. ಸೋಮಾರಿ ಕೊನೆಗೆ ಬಂದರೆ ಮುಂದಿನವರಿಗೂ ಅವನಿಗೂ ನಡುವೆ ಅರ್ಧ ಮೈದಾನ ಖಾಲಿ ಬಿದ್ದಿರುತ್ತದೆ. ಇವಳು ಹಾಗಲ್ಲ. ಯಾವ ಹುಡುಗಿ ಕೊನೆಯಲ್ಲಿದ್ದಾಳೋ ಅವಳ ಹಿಂದೆ ಎರಡೇ ಮಾರು ದೂರದಲ್ಲಿ, ಗೂಟಕ್ಕೆ ಕಟ್ಟಿದ ಹಾಗೆ ಓಡುತ್ತಿದ್ದಳು. ಮರುದಿನ ಬೇರೊಬ್ಬಳು ಕೊನೆಗಿದ್ದಳು. ಸುಷ್ಮಿತಾ ಅವಳ ಹಿಂದೆ ಎರಡು ಮಾರು. ಮಿಸ್‌ಗೆ ತಡೆಯಲಾಗಲಿಲ್ಲ. ಹತ್ತನೇ ತರಗತಿಯ ಗಟ್ಟಿ ಗಂಡು ಹುಡುಗರ ಜೊತೆ ಬಿಟ್ಟು ನೋಡಿದರು. ಅಲ್ಲೂ ಕೊನೆಯ ಹುಡುಗನ ಹಿಂದೆ ಎರಡು ಮಾರು. ಆದರೆ ಓಟ ಮುಗಿದ ಮೇಲೆ ಹುಡುಗರು ಮಂಡಿ ಹಿಡಿದು ಏದುಸಿರು ಬಿಡುತ್ತಿದ್ದರೆ, ಇವಳು ಬಾಯಿ ಮುಚ್ಚಿಕೊಂಡು, ಕಾಲಿಗೆ ಚುಚ್ಚಿದ ನೆಗ್ಗಿಲುಮುಳ್ಳು ಕೀಳುತ್ತಾ ಕೂತಿದ್ದಳು.

ಸ್ಟಾಫ್ ರೂಮಿನಲ್ಲಿ ಈ ಸಂಗತಿಗೆ ತಲೆಗೊಂದು ಅರ್ಥ ಹುಟ್ಟಿತು. ವಿಜ್ಞಾನದ ನಾಗರಾಜ್ ಮೇಷ್ಟ್ರು ರಕ್ತ ಕಮ್ಮಿ ಇರಬೇಕು, ಕಬ್ಬಿಣದ ಮಾತ್ರೆ ಕೊಡಿಸಿ ಎಂದರು. ರಕ್ತ ಕಮ್ಮಿ ಇದ್ದವಳು ಆ ಹುಡುಗರ ಹಿಂದೆ ಹೇಗೆ ಓಡಿದಳು ಎಂದು ಮಿಸ್ ಕೇಳಿದರೆ, ಅದು ದೈಹಿಕ ಶಿಕ್ಷಣದ ವಿಷಯ ಎಂದು ಜಾರಿಕೊಂಡರು. ಮುಖ್ಯೋಪಾಧ್ಯಾಯರಾದ ರಂಗಸ್ವಾಮಿಯವರು ಇದೆಲ್ಲ ಹಟ್ಟಿ ಮಕ್ಕಳ ನಾಚಿಕೆ, ಹೋಬಳಿ ಕ್ರೀಡಾಕೂಟಕ್ಕೆ ಹೆಸರು ಕಳಿಸುವ ದಿನ ಬಂತು, ಓಡುವವರ ಹೆಸರು ಕಳಿಸಿ ಎಂದುಬಿಟ್ಟರು.

ಮಿಸ್ ಹುಡುಗಿಯನ್ನೇ ಕೂರಿಸಿಕೊಂಡು ಕೇಳಿದರು. ಯಾಕೆ ಮುಂದೆ ಹೋಗುವುದಿಲ್ಲ, ಯಾರಾದರೂ ಬೈದರಾ, ಹೆದರಿಕೆಯಾ ಎಂದೆಲ್ಲ ಕೆದಕಿದರು. ಸುಷ್ಮಿತಾ ಕಣ್ಣು ಕಣ್ಣು ಬಿಟ್ಟಳು. ತಾನು ಸರಿಯಾಗಿಯೇ ಓಡಿದ್ದೇನಲ್ಲ, ಮತ್ತೇನು ತಪ್ಪು ಎಂಬ ಗೊಂದಲ ಅವಳ ಮುಖದಲ್ಲಿತ್ತು. ಕೊನೆಗೆ ಮಿಸ್, ಇವತ್ತು ಎಲ್ಲರಿಗಿಂತ ಮುಂದೆ ನೀನೇ ಓಡಬೇಕು, ಇದು ನನ್ನ ಆರ್ಡರ್ ಎಂದರು. ಹುಡುಗಿ ತಲೆಯಾಡಿಸಿ ಮುಂದೆ ಹೋದಳು. ಆದರೆ ಹೋದವಳು ನಾಲ್ಕು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ಹಿಂದೆ ನೋಡುವುದು, ಹಿಂದಿನವರು ದೂರವಾದರೆ ನಿಧಾನಿಸುವುದು, ನಾಲಿಗೆಯಿಂದ ಲೊಚ್ ಲೊಚ್ ಎಂದು ಸದ್ದು ಮಾಡಿ ಕರೆಯುವುದು. ಹುಡುಗಿಯರು ನಕ್ಕು ನಕ್ಕು ಓಡುವುದನ್ನೇ ಬಿಟ್ಟರು. ಮಿಸ್‌ಗೆ ನಗು ಬರಲಿಲ್ಲ. ಒಂದಿದ್ದ ಒಗಟು ಎರಡಾಗಿತ್ತು.

ಅದೇ ವಾರ ಮುದ್ದಣ್ಣ ಶಾಲೆಗೆ ಬಂದ. ತಲೆಗೆ ಟವೆಲ್ಲು, ಹೆಗಲ ಮೇಲೆ ಮಡಿಸಿದ ಕಂಬಳಿ, ಮುಖ್ಯೋಪಾಧ್ಯಾಯರ ಕೋಣೆಯ ಹೊಸ್ತಿಲಾಚೆಯೇ ನಿಂತು ವಿಷಯ ಹೇಳಿದ. ದೀಪಾವಳಿ ಆದ ಮೇಲೆ ಕುರಿ ಹೊಡೆದುಕೊಂಡು ಭದ್ರಾ ಕಾಲುವೆ ಕಡೆ ಗದ್ದೆಬಯಲಿಗೆ ಹೋಗುತ್ತೇವೆ, ತಿರುಗಿ ಬರುವುದು ಯುಗಾದಿಗೆ, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಇಷ್ಟು ವರ್ಷ ಅವನ ತಾಯಿ ದುರುಗಕ್ಕ ಕುರಿಯ ಜೊತೆ ಹೋಗುತ್ತಿದ್ದಳು, ಮಗಳನ್ನು ಹೆಂಡತಿ ಹುಚ್ಚಕ್ಕ ಹಟ್ಟಿಯಲ್ಲಿ ನೋಡಿಕೊಳ್ಳುತ್ತಿದ್ದಳು. ಈಗ ಮುದುಕಿಗೆ ಮಂಡಿ ನೋವು, ನಡೆಯಲಾಗದು. ರಂಗಸ್ವಾಮಿಯವರು ಹಾಜರಿ, ಪರೀಕ್ಷೆ, ಒಂಬತ್ತನೇ ತರಗತಿ ಕೈತಪ್ಪಿದರೆ ಹುಡುಗಿ ಮತ್ತೆ ಶಾಲೆ ಕಡೆ ತಲೆ ಹಾಕುವುದಿಲ್ಲ ಎಂದೆಲ್ಲ ಹೇಳಿದರು. ಅದು ನಿಜವೂ ಆಗಿತ್ತು. ಹಾಗೆ ಹೋದ ಯಾವ ಹುಡುಗಿಯೂ ಆ ಶಾಲೆಗೆ ಮರಳಿ ಬಂದದ್ದಿಲ್ಲ. ಮುದ್ದಣ್ಣ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡ.

“ಅವಳು ಓಟದಾಗೂ ಹಿಂದೇನೇ ಅಂತಲ್ಲ ಸಾರ್, ಹುಡುಗ್ರು ಆಡ್ಕೊಂಡು ನಗ್ತಾರೆ. ಇಸ್ಕೂಲಾಗೂ ಹಿಂದೆ, ಕುರಿಯಾಗೂ ಹಿಂದೆ. ಹಿಂದೆ ಇರೋಳೇ ಆದ್ರೆ ನನ್ನ ಕುರಿ ಹಿಂದೆ ಇರ್ಲಿ ಬಿಡ್ರಿ. ಅಲ್ಲಿ ಅವಳಿಂದ ಉಪಯೋಗ ಐತೆ.”

ಪಕ್ಕದಲ್ಲಿ ನಿಂತಿದ್ದ ಸರ್ವಮಂಗಳ ಮಿಸ್‌ಗೆ ಈ ಮಾತು ಎದೆಗೆ ನಾಟಿತು. ಮೂಗು ತೂರಿಸಬಾರದ ಜಾಗದಲ್ಲಿ ಮೂಗು ತೂರಿಸುವುದು ಅವರಿಗೆ ಹೊಸದೇನಲ್ಲ. ಹೋಬಳಿ ಕೂಟದಲ್ಲಿ ನಿಮ್ಮ ಮಗಳು ಮೊದಲು ಬಂದರೆ ಇಲ್ಲೇ ಬಿಟ್ಟು ಹೋಗುತ್ತೀರಾ ಎಂದು ನೇರವಾಗಿ ಕೇಳಿಬಿಟ್ಟರು. ಮುದ್ದಣ್ಣ ಮೊದಲ ಸಲ ನಕ್ಕ. ಮೊದಲು ಬಂದರೆ ನೋಡಾಣ ಮೇಡಂ ಎಂದ. ಅದು ಒಪ್ಪಿಗೆಯಲ್ಲ, ಮಿಸ್‌ನ ಮನಸ್ಸು ನೋಯಿಸಬಾರದೆಂದು ಆಡಿದ ಮಾತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಆದರೂ ಮಿಸ್ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಭಾನುವಾರ ಬೆಳಿಗ್ಗೆ ಅವರು ಕ್ಯಾನ್ವಾಸ್ ಶೂ ಹಾಕಿಕೊಂಡು ಹಟ್ಟಿಗೆ ಹೋದರು. ಕುರಿ ಕೂಡುವ ರೊಪ್ಪದ ಮುಂದೆ ಕಾಲು ಚಾಚಿ ಕೂತಿದ್ದ ದುರುಗಕ್ಕ ಬರ್ರಿ, ಕುಂತ್ಕಳ್ರಿ ಎಂದು ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಳು. ಇವತ್ತೊಂದು ದಿನ ನಾನೂ ಕುರಿ ಜೊತೆ ಬರುತ್ತೇನೆ ಎಂದಾಗ ಮುದುಕಿ ಮಿಸ್‌ನ ಬಿಳಿ ಶೂ ನೋಡಿ, ಮುಖ ನೋಡಿ, ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದಳು. ಮುಂದೆ ಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಹಿಂಡು ಹೊರಟಿತು. ಮುಂದೆ ಮುದ್ದಣ್ಣ, ಲೊಚ್ ಲೊಚ್ ಎಂದು ಕರೆಯುತ್ತಾ, ನಾಲ್ಕು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ನೋಡುತ್ತಾ, ದೂರವಾದರೆ ನಿಧಾನಿಸುತ್ತಾ. ಅವನ ಹಿಂದೆ ಕುರಿಗಳು. ಎಲ್ಲಕ್ಕಿಂತ ಹಿಂದೆ ಕೋಲು ಹಿಡಿದ ಸುಷ್ಮಿತಾ. ಒಂದು ಮರಿ ಕುಂಟಿದರೆ ಅವಳು ಕುಂಟುವಷ್ಟು ನಿಧಾನ. ಮರಿ ಓಡಿದರೆ ಅವಳೂ ಓಟ. ಯಾವುದೇ ಕಾರಣಕ್ಕೂ ಅವಳು ಕೊನೆಯ ಕುರಿಯನ್ನು ದಾಟುವುದಿಲ್ಲ. ದಾಟಿದರೆ ಅದು ಜಾಲಿಪೊದೆಯ ಹಿಂದೆ ಉಳಿದುಬಿಡುತ್ತದೆ, ಉಳಿದದ್ದು ತೋಳದ ಪಾಲು. ಮಿಸ್‌ನ ಶೂಗೆ ಕಲ್ಲು ಹೊಕ್ಕಿತು, ಬಗ್ಗಿ ಲೇಸು ಬಿಚ್ಚಿದರು. ತಲೆಯೆತ್ತಿದರೆ ಹಿಂಡು ದೂರ ಹೋಗಿದೆ, ಹುಡುಗಿ ಮಾತ್ರ ಅವರ ಹಿಂದೆ ಎರಡು ಮಾರು ದೂರದಲ್ಲಿ ಕಾಯುತ್ತಾ ನಿಂತಿದ್ದಾಳೆ. ನೀನು ಹೋಗು, ಬರುತ್ತೇನೆ ಎಂದರೂ ಕದಲಲಿಲ್ಲ. ಮಿಸ್ ಬೇಕೆಂದೇ ನಿಧಾನಕ್ಕೆ ನಡೆದರು, ಅವಳೂ ನಿಧಾನ. ಬೇಕೆಂದೇ ಓಡಿದರು, ಹಿಂದೆ ಅದೇ ದೂರದಲ್ಲಿ ಹೆಜ್ಜೆ ಸದ್ದು. ತಮ್ಮನ್ನೂ ಹಿಂಡಿನ ಜೊತೆ ಹೊಡೆದುಕೊಂಡು ಹೋಗುತ್ತಿದ್ದಾಳೆಂದು ಮಿಸ್‌ಗೆ ಆಗ ಹೊಳೆಯಿತು. ಬಯಲ ಮಧ್ಯೆ ಒಬ್ಬರೇ ಗಟ್ಟಿಯಾಗಿ ನಕ್ಕರು. ರಕ್ತ ಕಮ್ಮಿಯೂ ಅಲ್ಲ, ನಾಚಿಕೆಯೂ ಅಲ್ಲ. ಈ ಹುಡುಗಿಗೆ ಓಡುವುದೆಂದರೆ ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುವುದು. ಮುಂದೆ ಓಡುವುದೆಂದರೂ ಹಿಂದಿನವರನ್ನು ಕರೆದೊಯ್ಯುವುದು. ಒಬ್ಬಳೇ ಗೆಲ್ಲುವ ಓಟವನ್ನು ಅವಳಿಗೆ ಯಾರೂ ತೋರಿಸಿಯೇ ಇರಲಿಲ್ಲ.

ಒಗಟು ಒಡೆಯಿತು, ಆದರೆ ದಾರಿ ಸಿಗಲಿಲ್ಲ. ಹುಟ್ಟಿದಾಗಿನಿಂದ ಕಾಲಿಗೆ ಹತ್ತಿದ ಪಾಠವನ್ನು ಎರಡು ವಾರದಲ್ಲಿ ಮರೆಸುವುದು ಹೇಗೆ? ಮರೆಸುವುದಾದರೂ ಸರಿಯೇ? ಮಿಸ್ ಇದೇ ಯೋಚನೆಯಲ್ಲಿ ಮಧ್ಯಾಹ್ನದವರೆಗೆ ಕಾಲೆಳೆದುಕೊಂಡು ನಡೆದರು. ಬಿಸಿಲು ಏರಿತ್ತು, ಕುರಿಗಳು ಬಾಯಿ ತೆರೆದಿದ್ದವು. ಆಗ ಮುದ್ದಣ್ಣ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಗಳನ್ನು ಕೂಗಿದ.

“ಸುಷ್ಮೀ, ನೀರು ನೋಡ್ಕೊಂಡು ಬಾ.”

ಹುಡುಗಿ ತಕ್ಷಣ ಕೋಲನ್ನು ಮಿಸ್‌ನ ಕೈಗಿಟ್ಟು, “ಹಿಂದೆ ನೀವಿರ್ರಿ ಮಿಸ್” ಎಂದು ಹೇಳಿ ಹೊರಟಳು. ಹಿಂಡಿನ ಪಕ್ಕದಿಂದ ನುಗ್ಗಿ, ಅಪ್ಪನನ್ನು ದಾಟಿ, ಬದು ಹಾರಿ, ಗುಡ್ಡದ ಕಡೆ ಓಡಿದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಆ ಶನಿವಾರ ಹೈವೇ ಬದಿಯಿಂದ ಕಂಡದ್ದು ಇದೇ ಓಟ. ಮಿಸ್ ಕೋಲು ಹಿಡಿದು ಬಾಯಿ ಬಿಟ್ಟುಕೊಂಡು ನಿಂತರು. ಆ ಹೊತ್ತಿಗೆ ಎರಡು ಕುರಿ ಅವರ ಹಿಂದಕ್ಕೆ ಹೋಗಿಬಿಟ್ಟಿದ್ದವು.

ಗುಡ್ಡದಾಚೆ ಗೋಕಟ್ಟೆಯಿದೆ, ಮಳೆನೀರು ನಿಲ್ಲುವ ಹೊಂಡ. ನೀರಿಲ್ಲದ ಕಟ್ಟೆಗೆ ಬಾಯಾರಿದ ಹಿಂಡನ್ನು ಇಳಿಸಿದರೆ ಅವು ಕೆಸರು ನೆಕ್ಕುತ್ತಾ ಅಲ್ಲೇ ನಿಲ್ಲುತ್ತವೆ, ಎಬ್ಬಿಸಲಾಗುವುದಿಲ್ಲ. ಅದಕ್ಕೆ ಮೊದಲು ಒಬ್ಬರು ಓಡಿಹೋಗಿ ನೋಡಿ ಬರಬೇಕು. ಸುಷ್ಮಿತಾ ವಾಪಸ್ ಬಂದು ನೀರು ಐತೆ ಎಂದು ಅಪ್ಪನಿಗೆ ಹೇಳಿ, ಮಿಸ್‌ನ ಕೈಯಿಂದ ಕೋಲು ಇಸಿದುಕೊಂಡಳು. ಹೋಗುವಾಗ ಹಿಂದೆ ಯಾಕೆ ನೋಡಲಿಲ್ಲ ಎಂದು ಮಿಸ್ ಕೇಳಿದರು. ಇಂಥ ದಡ್ಡ ಪ್ರಶ್ನೆಯನ್ನು ಟೀಚರು ಕೇಳಬಹುದೇ ಎಂಬಂತೆ ಹುಡುಗಿ ಅವರ ಮುಖ ನೋಡಿದಳು.

“ಹಿಂದೆ ನೀವಿದ್ರಲ್ಲ ಮಿಸ್.”

ಸೋಮವಾರ ರಂಗಸ್ವಾಮಿಯವರ ಮೇಜಿನ ಮೇಲೆ ಮೂರು ಸಾವಿರ ಮೀಟರ್ ಓಟಕ್ಕೆ ಸುಷ್ಮಿತಾಳ ಹೆಸರು ಬಂತು. ಅವರು ಕನ್ನಡಕದ ಮೇಲಿಂದ ನೋಡಿ, ಶಾಲೆಯ ಮಾನ ನಿಮ್ಮ ಕೈಯಲ್ಲಿದೆ ಎಂದು ಹೇಳಿ ಸಹಿ ಹಾಕಿದರು. ದಿನಾ ಸಂಜೆ ಮಿಸ್ ಹುಡುಗಿಯನ್ನು ಊರಾಚೆಯ ಮಣ್ಣುರಸ್ತೆಗೆ ಕರೆದೊಯ್ದು, ಹಿಂದೆ ನಾನಿರುತ್ತೇನೆ, ನೀರು ನೋಡಿಕೊಂಡು ಬಾ ಎಂದು ಪಂಪ್‌ಹೌಸಿನವರೆಗೆ ಓಡಿಸಿದರು. ಹುಡುಗಿ ಬಾಣದ ಹಾಗೆ ಹೋಗಿ ಬರುತ್ತಿದ್ದಳು. ಸ್ಟಾಪ್‌ವಾಚ್ ನೋಡಿ ಮಿಸ್‌ಗೆ ಖುಷಿಯೋ ಖುಷಿ. ಮಣ್ಣುರಸ್ತೆ ನೆಟ್ಟಗಿರುತ್ತದೆ, ಕ್ರೀಡಾಕೂಟದ ಟ್ರ್ಯಾಕ್ ದುಂಡಗಿರುತ್ತದೆ ಎನ್ನುವುದು ಅವರ ತಲೆಗೆ ಹೊಳೆಯಲಿಲ್ಲ. ಬುಡ ಕಂಡೆ ಎಂದುಕೊಂಡವರಿಗೆ ಹೀಗೇ ಆಗುವುದು.

ಹೋಬಳಿ ಕೂಟದ ದಿನ ಮೈದಾನದ ತುಂಬ ಮಕ್ಕಳು. ಸುಣ್ಣದ ಪುಡಿಯಲ್ಲಿ ಎಳೆದ ಇನ್ನೂರು ಮೀಟರಿನ ಟ್ರ್ಯಾಕ್, ಶಾಮಿಯಾನ, ಮೈಕು, ಒಂದು ಮೂಲೆಯಲ್ಲಿ ಮಂಡಕ್ಕಿ ಮಾರುವವನು. ಮಿಸ್ ಎರಡು ಸಲ ಹಟ್ಟಿಗೆ ಹೋಗಿ ಕಾಡಿದ್ದರಿಂದ ಮುದ್ದಣ್ಣನೂ ಟೆಂಪೋ ಹತ್ತಿ ಬಂದಿದ್ದ. ಕುರಿಗಳನ್ನು ಅವತ್ತು ಹುಚ್ಚಕ್ಕನಿಗೆ ಒಪ್ಪಿಸಿದ್ದ. ಮಕ್ಕಳ ಮಧ್ಯೆ ಕೂರಲು ಸಂಕೋಚವಾಗಿ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ.

ಹುಡುಗಿಯರ ಮೂರು ಸಾವಿರ ಮೀಟರ್ ಎಂದರೆ ಹದಿನೈದು ಸುತ್ತು. ಎಂಟು ಜನ ಗೆರೆಯ ಮೇಲೆ ನಿಂತರು. ಮಿಸ್ ಸುಷ್ಮಿತಾಳ ಕಿವಿಯ ಹತ್ತಿರ ಬಗ್ಗಿ, ಮಾಮೂಲಿನ ಹಾಗೆ, ಹಿಂದೆ ನಾನಿರುತ್ತೇನೆ, ನೀರು ನೋಡಿಕೊಂಡು ಬಾ ಎಂದರು. ಓಟ ಬಿಡುವ ಸರದಿಯೂ ಅವರದೇ, ಸೀಟಿ ಊದಿದರು.

ಸುಷ್ಮಿತಾ ಹೋದಳು. ತಿರುಗಿ ನೋಡಲಿಲ್ಲ. ಉಳಿದ ಏಳು ಜನ, ಇದು ಹದಿನೈದು ಸುತ್ತಿನ ಓಟ, ಹೀಗೆ ಓಡಿದವಳು ಐದನೇ ಸುತ್ತಿಗೆ ಬೀಳುತ್ತಾಳೆಂದು ಅವರವರ ಮೇಷ್ಟ್ರುಗಳು ಹೇಳಿಕೊಟ್ಟಂತೆ ಒಂದೇ ಗುಂಪಾಗಿ, ಕೊನೆಯ ಸುತ್ತಿಗೆ ದಮ್ಮು ಉಳಿಸಿಕೊಂಡು ಓಡುತ್ತಿದ್ದರು. ಐದನೇ ಸುತ್ತು ಬಂತು, ಅವಳು ಬೀಳಲಿಲ್ಲ. ಎಂಟನೆಯ ಸುತ್ತಿನಲ್ಲಿ ಮುಕ್ಕಾಲು ಸುತ್ತಿನಷ್ಟು ಮುಂದಿದ್ದಳು. ಕರಿಯಜ್ಜನಹಟ್ಟಿಯ ಮಕ್ಕಳು ಎದ್ದು ನಿಂತು ಕೂಗತೊಡಗಿದರು. ಮಿಸ್ ಬೇವಿನ ಮರದ ಕಡೆ ಒಮ್ಮೆ ಗರ್ವದಿಂದ ನೋಡಿದರು. ಮುದ್ದಣ್ಣ ಟವೆಲ್ಲು ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತಿದ್ದ.

ಅವಳ ಹನ್ನೊಂದನೆಯ ಸುತ್ತಿನಲ್ಲಿ ಆಗಬಾರದ್ದು ಆಯಿತು. ಒಂದು ಇಡೀ ಸುತ್ತು ಮುಂದೆ ಹೋದವಳು ದುಂಡನೆಯ ಟ್ರ್ಯಾಕಿನಲ್ಲಿ ಎಲ್ಲಿಗೆ ಬರುತ್ತಾಳೆ? ಗುಂಪಿನ ಬಾಲಕ್ಕೆ. ಅಲ್ಲಿ ಬೇರೊಂದು ಶಾಲೆಯ ಲತಾ ಎಂಬ ಹುಡುಗಿ ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತಿದ್ದಳು. ಸುಷ್ಮಿತಾ ಅವಳನ್ನು ದಾಟಲಿಲ್ಲ. ಅವಳ ಹಿಂದೆ ಎರಡು ಮಾರು ದೂರಕ್ಕೆ ಬಂದು, ಓಟ ಇಳಿಸಿ, ಅಲ್ಲೇ ಉಳಿದುಬಿಟ್ಟಳು.

ಮಿಸ್‌ನ ತಲೆಗೆ ತಪ್ಪು ಹೊಳೆಯಿತು. ನೀರು ನೋಡಲು ಹೋದವಳು ಹಿಂಡಿಗೆ ವಾಪಸ್ ಬರಲೇಬೇಕು. ತಾವೇ ದಿನಾ ಸಂಜೆ ಬಾಯಿ ಬಿಟ್ಟು ಹೇಳುತ್ತಿದ್ದರಲ್ಲ, ನೋಡಿಕೊಂಡು ಬಾ ಎಂದು. ಅವಳು ಬಂದಿದ್ದಳು. ಈಗ ನೋಡಿದವರಿಗೆ ಅವಳು ಎಲ್ಲರಿಗಿಂತ ಕೊನೆಯವಳು. ಆಚೆ ಕಡೆ ಕೂತಿದ್ದ ಹುಡುಗರು ಆಗಲೇ ಕೇಕೆ ಹಾಕಿ ನಗುತ್ತಿದ್ದರು.

ಅದಾದರೂ ತಡೆದುಕೊಳ್ಳಬಹುದಿತ್ತು. ಆದರೆ ಲತಾಳಿಗೆ ಪಕ್ಕೆ ಹಿಡಿದುಕೊಂಡಿತು. ಅವಳು ಸೊಂಟಕ್ಕೆ ಕೈಯಿಟ್ಟು ನಡೆಯತೊಡಗಿದಳು. ಅವಳ ಹಿಂದೆ ಸುಷ್ಮಿತಾಳೂ ನಡೆಯತೊಡಗಿದಳು. ಉಳಿದ ಆರು ಜನ ದೂರವಾದರು. ಅವರಲ್ಲಿ ನೀಲಿ ಅಂಗಿಯ ಉದ್ದ ಜಡೆಯವಳು ಗುಂಪು ಬಿಟ್ಟು ವೇಗ ಹೆಚ್ಚಿಸಿದ್ದಳು. ಅವಳು ಒಂದು ಸುತ್ತು ಬಳಸಿ ಬಂದು ಸುಷ್ಮಿತಾಳನ್ನು ಹಿಡಿದರೆ, ಗಳಿಸಿದ್ದೆಲ್ಲ ಮುಗಿದಂತೆ. ಮಿಸ್ ಗೆರೆಯ ಪಕ್ಕ ಓಡುತ್ತಾ ಮುಂದೆ ಹೋಗು, ಮುಂದೆ ಹೋಗು ಎಂದು ಗಂಟಲು ಹರಿದುಕೊಂಡರು. ಹುಡುಗಿ ಅವರ ಕಡೆ ನೋಡಿ, ಲತಾಳ ಕಡೆ ಕೈ ತೋರಿಸಿದಳು. ಇವಳನ್ನು ಬಿಟ್ಟು ಹೇಗೆ ಹೋಗಲಿ ಎಂದು ಕೇಳಿದ ಹಾಗಿತ್ತು.

ಆಗ ಮಿಸ್ ತಮ್ಮ ವೃತ್ತಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದರು. ತಮ್ಮ ಹುಡುಗಿಯನ್ನು ಬಿಟ್ಟು ಬೇರೆ ಶಾಲೆಯ ಕೊನೆಯ ಹುಡುಗಿಗೆ ಹುರುಪು ಕೊಡತೊಡಗಿದರು.

“ಲತಾ, ಓಡಮ್ಮ. ಉಸಿರು ನಿಧಾನಕ್ಕೆ ಬಿಡು. ನಿನ್ನ ಕೈಲಾಗುತ್ತೆ, ಓಡು ನನ್ನವ್ವ.”

ತಮ್ಮ ಮಿಸ್‌ಗೆ ತಲೆ ಕೆಟ್ಟಿತೆಂದು ಮಕ್ಕಳು ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬರಿಗೊಬ್ಬರು ತಿವಿದುಕೊಂಡು, ಇಡೀ ಕರಿಯಜ್ಜನಹಟ್ಟಿ ಶಾಲೆ ಲತಾ, ಲತಾ ಎಂದು ಕೂಗಿತು. ಕೊನೆಯಲ್ಲಿ ಬರುವವಳಿಗೆ ಹೀಗೆ ಯಾರೂ ಕೂಗಿರುವುದಿಲ್ಲ. ಲತಾ ಕಣ್ಣೊರೆಸಿಕೊಂಡು, ಸೊಂಟದಿಂದ ಕೈ ತೆಗೆದು ಓಡಿದಳು. ಹಿಂದಿನಿಂದ ಸುಷ್ಮಿತಾ ಹುರ್ರ್, ಹುರ್ರ್ ಎಂದು ಮೆಲ್ಲಗೆ ಸದ್ದು ಮಾಡುತ್ತಿದ್ದಳು. ಮರಿಯನ್ನು ಹೆದರಿಸದೆ ಹೊಡೆಯುವ ಸದ್ದು ಅದು. ಅದಕ್ಕೋ, ಕೂಗಿಗೋ, ಲತಾಳ ಕಾಲಿಗೆ ಜೀವ ಬಂತು. ಅವಳು ಓಡಿದಷ್ಟೂ ಹಿಂದಿನವಳು ಓಡಿದಳು. ನೀಲಿ ಅಂಗಿಯವಳು ಹಿಂದಿನ ತಿರುವಿನಲ್ಲಿ ಕಾಣಿಸಿಕೊಂಡಳು, ಹತ್ತಿರವಾದಳು, ಮತ್ತೂ ಹತ್ತಿರವಾದಳು.

ದಾರ ಹಿಡಿದು ನಿಂತ ಇಬ್ಬರು ಮೇಷ್ಟ್ರು ಲತಾ, ಸುಷ್ಮಿತಾರನ್ನು ಕಂಡು, ಗೆಲ್ಲುವವರು ಬರುತ್ತಿದ್ದಾರೆ, ಆಚೆ ಸರೀರಿ ಎಂದು ಗದರಿ ದಾರವನ್ನು ಮೇಲೆತ್ತಿದರು. ಅದರ ಅಡಿಯಲ್ಲೇ ಇಬ್ಬರೂ ಗೆರೆ ದಾಟಿದರು. ಸುಷ್ಮಿತಾಳಿಗೆ ಅದು ಹದಿನೈದನೆಯ ಸುತ್ತು. ನೀಲಿ ಅಂಗಿಯವಳು ಆಗ ಇನ್ನೂ ಐವತ್ತು ಮೀಟರ್ ಹಿಂದಿದ್ದಳು. ಅವಳು ಬಂದು ದಾರವನ್ನು ಎದೆಗೆ ತಗುಲಿಸಿಕೊಂಡಾಗ ಮೈದಾನವೆಲ್ಲ ಚಪ್ಪಾಳೆ.

ಮುಗಿಯಿತು, ನಿಲ್ಲು ಎಂದು ಮಿಸ್ ಕೂಗುತ್ತಲೇ ಇದ್ದರು. ಲತಾಳಿಗೆ ಇನ್ನೂ ಒಂದು ಸುತ್ತು ಬಾಕಿಯಿತ್ತು. ಹಾಗಾಗಿ ಸುಷ್ಮಿತಾಳೂ ನಿಲ್ಲಲಿಲ್ಲ. ಉಳಿದವರು ಒಬ್ಬೊಬ್ಬರೇ ಮುಗಿಸಿ ನೆರಳಿಗೆ ಹೋಗುತ್ತಿದ್ದರೆ, ಖಾಲಿಯಾಗುತ್ತಿದ್ದ ಟ್ರ್ಯಾಕಿನಲ್ಲಿ ಅವರಿಬ್ಬರು ಆ ಸುತ್ತು ಬಂದರು. ಮುಂದೆ ಲತಾ, ಎರಡು ಮಾರು ಹಿಂದೆ ಸುಷ್ಮಿತಾ.

ಮಿಸ್ ತೀರ್ಪುಗಾರರ ಮೇಜಿಗೆ ಹೋಗಿ ನಮ್ಮ ಹುಡುಗಿ ಮೊದಲು ಎಂದಾಗ ಅಲ್ಲಿದ್ದವರಿಗೆ ನಗು. ಎಲ್ಲರೂ ಕಣ್ಣಾರೆ ಕಂಡಿದ್ದಾರೆ, ಅವಳು ಕೊನೆಯವಳು. ಅವಳ ಸುತ್ತು ಎಣಿಸಿದ ಮೇಷ್ಟ್ರನ್ನು ಕರೆದರೆ ಅವರು ತಡವರಿಸಿದರು. ಹದಿನಾರು ಎಣಿಸಿದ್ದರಂತೆ. ಹದಿನೈದರ ಓಟದಲ್ಲಿ ಹದಿನಾರು ಹೇಗೆ, ತಾವೇ ಎಲ್ಲೋ ತಪ್ಪಿರಬೇಕೆಂದು ಸುಮ್ಮನಿದ್ದರಂತೆ. ನೀಲಿ ಅಂಗಿಯವಳ ಶಾಲೆಯವರು ಏರು ದನಿಯಲ್ಲಿ ವಾದಕ್ಕೆ ನಿಂತರು. ಮಾತು ಬೆಳೆಯಿತು. ಮುಖ್ಯ ತೀರ್ಪುಗಾರರು ಕೈಯೆತ್ತಿ, ಆದದ್ದಾಯಿತು, ಬಿಡ್ರಿ ಮೇಡಂ ಎನ್ನುವುದರೊಳಗೆ ಲತಾ ಜನರನ್ನು ಸರಿಸಿಕೊಂಡು ಬಂದಳು. ಮುಖವೆಲ್ಲ ಬೆವರು, ಧೂಳು.

“ಕೊನೇಲಿ ಇದ್ದೋಳು ನಾನು ಸಾರ್. ಶುರುವಿನಾಗೇ ಅವಳು ನನ್ನ ಮುಂದೆ ಹೋದ್ಲು, ಆಮೇಲೆ ನಾನು ಅವಳನ್ನ ಒಂದ್ಸಲಾನೂ ದಾಟಿಲ್ಲ. ದಾಟದಲೇ ಅವಳು ನನ್ನ ಹಿಂದೆ ಬಂದ್ಲು. ಹೆಂಗ್ ಬಂದ್ಲು ನೀವೇ ಹೇಳ್ರಿ.”

ಕೊನೆಯವಳೆಂದು ಹೇಳಿಕೊಳ್ಳಲು ಯಾರಿಗೂ ಲಾಭವಿಲ್ಲ, ಅದಕ್ಕೇ ಅವಳ ಮಾತನ್ನು ಅಲ್ಲಗಳೆಯಲು ಯಾರಿಗೂ ಆಗಲಿಲ್ಲ. ಮುಖ್ಯ ತೀರ್ಪುಗಾರರು ಗಲ್ಲ ಕೆರೆದುಕೊಂಡು, ಬೆರಳಿನಲ್ಲಿ ಗಾಳಿಯಲ್ಲೊಂದು ಸುತ್ತು ಬರೆದು ನೋಡಿ, ಮೈಕಿನವನನ್ನು ಕರೆದರು. ಮೊದಲನೇ ಸ್ಥಾನ, ಕರಿಯಜ್ಜನಹಟ್ಟಿಯ ಸುಷ್ಮಿತಾ. ಮಿಸ್‌ಗೆ ಕಣ್ಣು ತುಂಬಿ ಬಂತು. ಹುಡುಗಿಯನ್ನು ಪಕ್ಕಕ್ಕೆ ಕರೆದು, ಅಲ್ಲ ಕಣೇ, ಯಾಕೆ ಹಿಂದೆ ಹೋಗಿ ನಿಂತೆ ಎಂದು ಕೇಳಿದರು. ಕೇಳದಿದ್ದರೆ ಅವರು ಅವರಲ್ಲ.

“ಹಿಂದೆ ನಾನಿರ್ತೀನಿ ಅಂದಿದ್ರಿ ಮಿಸ್. ಬಂದು ನೋಡಿದ್ರೆ ನೀವು ಸೀಟಿ ಹಿಡ್ಕೊಂಡು ಆಚೆ ನಿಂತಿದ್ರಿ. ಹಿಂದೆ ಯಾರೂ ಇರ್ಲಿಲ್ಲ.”

ಮಿಸ್ ಕೈಯಲ್ಲಿದ್ದ ಸೀಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಸಂಜೆ ಟೆಂಪೋ ಬಂದು ನಿಂತಿತು. ಮಕ್ಕಳು ನೂಕಾಡುತ್ತಾ ಹತ್ತುತ್ತಿದ್ದರು. ಮಿಸ್ ಮುದ್ದಣ್ಣನ ಹತ್ತಿರ ಸುಳಿದಾಡಿದರು. ಮೊದಲು ಬಂದರೆ ನೋಡಾಣ ಎಂದಿದ್ದನಲ್ಲ, ಅದನ್ನು ಕೇಳಬೇಕು, ಆದರೆ ಬಾಯಿ ಬರಲಿಲ್ಲ. ಇವನಿಗೆ ಇವತ್ತು ಕಂಡದ್ದಾದರೂ ಏನು? ಹಿಂಡಿನ ಹಿಂದಿರಲು ಇವಳಿಗಿಂತ ಒಳ್ಳೆಯವರು ಜಗತ್ತಿನಲ್ಲಿ ಇಲ್ಲ ಎನ್ನುವುದು ತಾನೇ? ಗೆಲ್ಲಿಸಲು ಹೋಗಿ ಅವನ ಮಾತಿಗೆ ತಾನೇ ಸಾಕ್ಷಿ ಒದಗಿಸಿಕೊಟ್ಟಂತಾಯಿತೇ ಎಂದು ಮಿಸ್‌ಗೆ ಹೆದರಿಕೆಯಾಯಿತು. ಮುದ್ದಣ್ಣ ಮಗಳನ್ನೇ ನೋಡುತ್ತಿದ್ದ.

ಸುಷ್ಮಿತಾ ಎಂದಿನಂತೆ ಬಾಗಿಲ ಪಕ್ಕ ಸರಿದು ನಿಂತು ಎಲ್ಲರನ್ನೂ ಹತ್ತಿಸುತ್ತಿದ್ದಳು. ಕೊನೆಗೆ ಅವಳೊಬ್ಬಳೇ ಉಳಿದಾಗ, ಇನ್ನೂ ಯಾರಾದರೂ ಇದ್ದಾರೋ ಎಂದು ಮೈದಾನದ ಕಡೆ ಕತ್ತು ತಿರುಗಿಸಿದಳು. ಮುದ್ದಣ್ಣ ಹೋಗಿ ಅವಳ ಹಿಂದೆ ನಿಂತ.

“ನೀನು ಹತ್ತು ಮಗಳೇ. ಹಿಂದೆ ನಾನಿರ್ತೀನಿ.”

ಮಿಸ್ ತಡೆಯಲಾರದೆ ಕೇಳಿಯೇಬಿಟ್ಟರು, ಟೆಂಪೋದ ಹಿಂದೆ ಮಾತ್ರವೋ, ಕುರಿಯ ಹಿಂದೆಯೂ ಸೇರಿಯೋ ಎಂದು.

“ಕುರಿ ಹಿಂದೇನೂ ನಾನೇ ಮೇಡಂ. ಮುಂದೆ ಇವಳವ್ವ ನಡೀತಾಳೆ. ಇವಳು ಅಜ್ಜಿ ಜೊತೆ ಹಟ್ಟಿಯಾಗೇ ಇರ್ಲಿ” ಎಂದು ಮುದ್ದಣ್ಣ ಟವೆಲ್ಲು ತಲೆಗೆ ಸುತ್ತಿಕೊಂಡ.

ಸುಷ್ಮಿತಾ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಟೆಂಪೋ ಹತ್ತಿ, ಮಕ್ಕಳನ್ನು ಸರಿಸಿಕೊಂಡು ಹೋಗಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ತಿರುಗಿ ನೋಡಲಿಲ್ಲ.